ಬಾಗಿಲು ಕಾಯುವ ಆರು ಸೆಕೆಂಡು

ಆಫೀಸಿನಲ್ಲಿ ಅವಳಿಗೆ ಲಿಫ್ಟಕ್ಕ ಎಂದು ಹೆಸರು. ಮೊದಲು ಎದುರಿಗೆ ಮೇಡಂ, ಬೆನ್ನ ಹಿಂದೆ ಲಿಫ್ಟಕ್ಕ. ಅದು ಅವಳಿಗೆ ಗೊತ್ತಿದೆ ಎಂದು ಹುಡುಗರಿಗೂ ಗೊತ್ತಾದ ಮೇಲೆ ಎದುರಿಗೂ ಅದೇ ನಿಂತಿತು. ಹಾಗಂತ ಅವಳೇನೂ ಲಿಫ್ಟ್ ನಡೆಸುವವಳಲ್ಲ, ರಿಪೇರಿ ಮಾಡುವವಳೂ ಅಲ್ಲ. ಲಿಫ್ಟುಗಳಿಗೆ ಬುದ್ಧಿ ಹೇಳುವ ಭಾಷೆಯೊಂದಿತ್ತು. ಆ ಭಾಷೆಯನ್ನು ನೋಡಿಕೊಳ್ಳುವುದು ಅವಳ ಕೆಲಸ.

ಭಾಷೆಯ ಹೆಸರು ಏಣಿ. ಲಿಫ್ಟಿನ ಭಾಷೆಗೆ ಏಣಿ ಎಂದು ಹೆಸರಿಟ್ಟವರು ಮೇಷ್ಟ್ರು. ಕಾಲೇಜಿನಲ್ಲಿ ಗಣಿತ ಹೇಳಿಕೊಡುವುದು ಬಿಟ್ಟು ಲಿಫ್ಟ್ ಕಂಪನಿಗೆ ಬಂದವರು. "ಕರೆಂಟ್ ಹೋದಾಗ ಜನಕ್ಕೆ ನೆನಪಾಗೋದು ಅದೇ ತಾನೇ" ಎಂದು ನಕ್ಕಿದ್ದರು. ಮೂರನೇ ಮಹಡಿಗೆ ಹೋಗು, ಬಾಗಿಲು ತೆರೆ, ಭಾರ ಹೆಚ್ಚಾದರೆ ಗಂಟೆ ಬಾರಿಸು ಎಂದು ಎಂಜಿನಿಯರು ಏಣಿಯಲ್ಲಿ ಬರೆಯುತ್ತಾನೆ. ಅದನ್ನು ಲಿಫ್ಟಿನ ಚಿಪ್‌ಗೆ ತಿಳಿಯುವ ಅಂಕಿಗಳನ್ನಾಗಿ ಮಾಡಿಕೊಡುವುದು ಕಂಪೈಲರ್. ಆ ಅಂಕಿಗಳು ನೆಟ್ಟಗಿವೆಯೋ ಇಲ್ಲವೋ ಎಂದು ನಿಜವಾದ ಲಿಫ್ಟಿಗೆ ಹಾಕುವ ಮೊದಲು ನೋಡಬೇಕಲ್ಲ, ಅದಕ್ಕೆ ಪರದೆಯ ಮೇಲೊಂದು ಸುಳ್ಳು ಲಿಫ್ಟ್ ಇರುತ್ತದೆ. ಅದು ಸಿಮ್ಯುಲೇಟರ್. ಅದು ಬಿದ್ದರೂ ಯಾರೂ ಸಾಯುವುದಿಲ್ಲ. ಕಂಪೈಲರ್ ಮೇಷ್ಟ್ರದು, ಸಿಮ್ಯುಲೇಟರ್ ಲಿಫ್ಟಕ್ಕನದು. ಒಂದು ಅಲ್ಪವಿರಾಮ ಎಲ್ಲಿರಬೇಕು ಎಂಬುದಕ್ಕೆ ಇಬ್ಬರೂ ಇಡೀ ಮಧ್ಯಾಹ್ನ ಜಗಳವಾಡಿದ್ದುಂಟು. ಮೇಷ್ಟ್ರು ತೀರಿಹೋಗಿ ಎಂಟು ವರ್ಷವಾಯಿತು. ಆಮೇಲೆ ಅಲ್ಪವಿರಾಮವನ್ನು ಅವಳು ಎಲ್ಲಿಟ್ಟರೂ ಕೇಳುವವರಿಲ್ಲ.

ಕೆಲಸ ಈಗ ಮನೆಯಿಂದಲೇ. ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಯಾರಾದರೂ ಮನೆಯಲ್ಲಿ ಇರಬೇಕು ಎಂದು ತೀರ್ಮಾನವಾಯಿತು. ಗಂಡ ಅದಾಗಲೇ ರಿಟೈರ್ ಆಗಿ ಮನೆಯಲ್ಲೇ ಇದ್ದ. ಆದರೂ "ಯಾರಾದರೂ" ಎಂದರೆ ಅವಳೇ ಎಂಬುದು ಯಾರೂ ಬಾಯಿ ಬಿಟ್ಟು ಹೇಳದೆಯೇ ಎಲ್ಲರಿಗೂ ತಿಳಿಯಿತು. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಒಂದಿತ್ತು, ಅದು ಅವನದು. ಅಲ್ಲಿ ಅವನು ಪೇಪರ್ ಓದುತ್ತಿದ್ದ. ಅತ್ತೆಯದು ಕಿಟಕಿ ಪಕ್ಕದ ಮಂಚ. ಲಿಫ್ಟಕ್ಕನ ಆಫೀಸು ಊಟದ ಮೇಜು. ಒಂದು ತುದಿಯಲ್ಲಿ ಲ್ಯಾಪ್‌ಟಾಪು, ಅದರ ಪಕ್ಕ ಅತ್ತೆಯ ಮಾತ್ರೆಯ ಡಬ್ಬಿ, ಉಪ್ಪಿನ ಭರಣಿ, ಒಗೆದು ತಂದ ಬಟ್ಟೆಯ ಗುಡ್ಡೆ. ಊಟದ ಹೊತ್ತಿಗೆ ಲ್ಯಾಪ್‌ಟಾಪು ಮುಚ್ಚಿ, ಮೇಜು ಒರೆಸಿ, ತಟ್ಟೆ ಇಟ್ಟು, ತಟ್ಟೆ ತೆಗೆದು, ಮತ್ತೆ ಒರೆಸಿ, ಅದು ಒಣಗಿದ ಮೇಲೆ ಲ್ಯಾಪ್‌ಟಾಪು ತೆರೆಯಬೇಕು. ದಿನಕ್ಕೆ ಮೂರು ಸಲ ಅವಳು ಆಫೀಸು ಎತ್ತಿ ಮತ್ತೆ ಕಟ್ಟುತ್ತಿದ್ದಳು.

ಆ ವರ್ಷ ಏಣಿಗೆ ಗಂಡಾಂತರ ಬಂತು. ಲಿಫ್ಟಿಗೆ ಹಾಕುತ್ತಿದ್ದ ಹಳೆಯ ಚಿಪ್‌ಗಳನ್ನು ತಯಾರಿಸುವುದೇ ನಿಂತುಹೋಗಿತ್ತು. ಇರುವ ಕಟ್ಟಡಗಳಿಗೂ ಹೊಸ ಚಿಪ್ ಹಾಕಬೇಕು, ಅದಕ್ಕೆ ತಕ್ಕಂತೆ ಕಂಪೈಲರನ್ನೂ ಸಿಮ್ಯುಲೇಟರನ್ನೂ ಹೊಸದು ಮಾಡಬೇಕಿತ್ತು. ಹೊಸ ಮ್ಯಾನೇಜರ್, ಮೂವತ್ತೈದು ದಾಟಿರದ ಹೆಣ್ಣುಮಗಳು, ಸುತ್ತಿ ಬಳಸದೆ ಹೇಳಿದಳು.

"ಮೇಡಂ, ಹೊರಗಿನ ಕಂಪನಿಯವರ ಭಾಷೆ ತಗೊಳ್ಳೋಣ, ಇದನ್ನ ಮುಚ್ಚೋಣ ಅಂತ ಮೇಲಿನವರು ಕೂತಿದಾರೆ. ನಾನು ಕಷ್ಟಪಟ್ಟು ಐದು ತಿಂಗಳು ಟೈಮ್ ಕೇಳಿದೀನಿ. ಐದನೇ ತಿಂಗಳ ಹದಿನೈದನೇ ತಾರೀಖು, ಶುಕ್ರವಾರ. ಅವತ್ತು ನಿಮ್ಮ ಹೊಸ ಕಂಪೈಲರ್ ಹೊರಗೆ ಬಂದ್ರೆ ಏಣಿ ಉಳಿಯುತ್ತೆ, ನೀವೂ ರಿಟೈರ್ ಆಗೋವರೆಗೆ ಅದರ ಜೊತೆ ಇರ್ತೀರಾ. ಆಗ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ."

ರಿಟೈರ್ ಆಗಲು ಇನ್ನೆರಡು ವರ್ಷವಿತ್ತು. ಎರಡು ವರ್ಷ ಇನ್ನೊಬ್ಬರ ಭಾಷೆಯ ಕೈಪಿಡಿ ಓದಿಕೊಂಡು ಕೂರುವುದನ್ನು ಅವಳು ನೆನೆಸಿಕೊಂಡಳು. ದಿನವಿಡೀ ಮೇಜು ಒರೆಸುವುದರ ನಡುವೆ ಅವಳದೇ ಎನ್ನುವಂಥದ್ದು ಆ ಭಾಷೆಯೊಂದೇ. ಅದೂ ಹೋದರೆ ಮೇಜೊಂದೇ.

ಐದು ತಿಂಗಳು ಹಗಲೆಲ್ಲ ಅದೇ ಧ್ಯಾನ. ಹೊಸ ಕಂಪೈಲರಿನಲ್ಲಿ ಅವಳಿಗೆ ಬಹಳ ಹೆಮ್ಮೆಯ ಭಾಗವೊಂದಿತ್ತು. ಅದಕ್ಕೆ ಜರಡಿ ಎಂದು ಹೆಸರಿಟ್ಟಿದ್ದಳು. ಬರೆದ ಪ್ರೋಗ್ರಾಮನ್ನೆಲ್ಲ ಅದು ಸೋಸುತ್ತಿತ್ತು. ಪ್ರತಿಯೊಂದು ಸಾಲಿಗೂ ಒಂದೇ ಪ್ರಶ್ನೆ: ನೀನು ಮಾಡಿದ್ದು ಮುಂದೆ ಯಾರಿಗಾದರೂ ಬೇಕಾಗಿದೆಯೇ? ಯಾರಿಗೂ ಬೇಡವಾದರೆ ಆ ಸಾಲು ಕಸದ ಬುಟ್ಟಿಗೆ. ಪ್ರೋಗ್ರಾಮುಗಳೆಲ್ಲ ಮೂರನೇ ಒಂದು ಪಾಲು ಇಳಿದವು. ಮೇಷ್ಟ್ರು ಇದ್ದಿದ್ದರೆ ಕನ್ನಡಕ ಹಣೆಗೇರಿಸಿ "ಎಲಾ ಇವಳಾ" ಎನ್ನುತ್ತಿದ್ದರು. ಗಡುವಿನ ವಾರದ ಸೋಮವಾರ ಸಿಮ್ಯುಲೇಟರಿನಲ್ಲಿ ಆರುನೂರ ಹನ್ನೆರಡು ಪರೀಕ್ಷೆಗಳೂ ಪಾಸಾದವು. ಪರದೆ ತುಂಬ ಹಸಿರು. ಅವಳು ಕೋಣೆಯ ಬಾಗಿಲು ತಟ್ಟಿ, "ರೀ, ಎಲ್ಲಾ ಪಾಸಾಯ್ತು" ಎಂದಳು.

"ಯಾರು?" ಎಂದ ಗಂಡ, ಪೇಪರಿನಿಂದ ತಲೆಯೆತ್ತದೆ.

ಮಂಗಳವಾರ ಅತ್ತೆಯನ್ನು ಫಿಸಿಯೋಥೆರಪಿಗೆ ಕರೆದೊಯ್ಯುವ ದಿನ. ಕ್ಲಿನಿಕ್ಕು ಎರಡು ರಸ್ತೆ ಆಚೆ. ಮನೆ ನಾಲ್ಕನೇ ಮಹಡಿಯಲ್ಲಿ, ಲಿಫ್ಟು ಅವಳ ಕಂಪನಿಯದೇ. ಅತ್ತೆ ನಾಲ್ಕು ಕಾಲಿನ ಊರುಗೋಲು ಹಿಡಿದು ಲಿಫ್ಟಿನ ಮುಂದೆ ನಿಂತರು. ಬಾಗಿಲು ತೆರೆಯಿತು.

"ಇರಪ್ಪಾ, ಬಂದೆ" ಎಂದರು ಅತ್ತೆ, ಲಿಫ್ಟಿಗೆ. ಆಮೇಲೆ ತುಟಿಯೊಳಗೇ ಏನೋ ಗೊಣಗುತ್ತ ಊರುಗೋಲು ಮುಂದಿಟ್ಟರು, ಒಂದು ಪಾದ, ಇನ್ನೊಂದು ಪಾದ. ಒಳಗೆ ಬಂದು ಗೋಡೆಗೆ ಕೈ ಕೊಡುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ಸರಿಹೋಯಿತು.

"ಏನತ್ತೆ ಅದು, ಬಾಯಲ್ಲೇ ಎಣಿಸ್ತಿದ್ರಲ್ಲ?"

"ಎರಡು ವರ್ಷದಿಂದ ಎಣಿಸ್ತಾ ಇದೀನಿ, ಇವತ್ತು ಕೇಳಿಸ್ತಾ ನಿಂಗೆ, ಹುಡುಗಿ?" ಐವತ್ತಾರಾದರೂ ಸೊಸೆ ಅವರಿಗೆ ಹುಡುಗಿಯೇ. "ಐದು ಅನ್ನೋಷ್ಟರಲ್ಲಿ ನಾನು ಒಳಗಿರ್ಬೇಕು, ಆರಕ್ಕೆ ಅದು ಮುಚ್ಚುತ್ತೆ. ನಾವಿಬ್ರೂ ಹೊಂದ್ಕೊಂಡಿದೀವಿ. ಒಂದು ದಿನಾನೂ ಮಾತು ತಪ್ಪಿದ್ದಿಲ್ಲ. ನಿನ್ನ ಮಾವನಿಗಿಂತ ಎಷ್ಟೋ ವಾಸಿ."

ಲಿಫ್ಟಕ್ಕ ನಕ್ಕಳು. ಮೂರನೇ ಮಹಡಿ ದಾಟುವಾಗ ನಗು ನಿಂತಿತು. ಆರಕ್ಕೆ ಮುಚ್ಚು ಎಂದು ಈ ಲಿಫ್ಟಿಗೆ ಹೇಳಿದವರು ಯಾರು? ಏಣಿಯಲ್ಲಿ ಸೆಕೆಂಡು ಎಂಬ ಮಾತೇ ಇಲ್ಲ. ಕಾಯು ಎಂಬ ಮಾತೂ ಇಲ್ಲ. ಮೇಷ್ಟ್ರು ಅದನ್ನು ಇಟ್ಟಿರಲೇ ಇಲ್ಲ. ಮತ್ತೆ ಬಾಗಿಲು ಕಾಯುವುದು ಹೇಗೆ?

ನೆಲಮಹಡಿ ಬರುವಷ್ಟರಲ್ಲಿ ಹೇಗೆಂದು ನೆನಪಾಯಿತು.

ಅತ್ತೆ ಒಳಗೆ "ಅಯ್ಯೋ, ನಿಧಾನ ಕಣಮ್ಮಾ" ಎನ್ನುತ್ತ ಕಾಲೆತ್ತುತ್ತಿದ್ದಾಗ ಅವಳು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತು, ತರಕಾರಿ ಚೀಲದಿಂದ ಲ್ಯಾಪ್‌ಟಾಪು ತೆಗೆದು ಬಾಗಿಲಿನ ಪ್ರೋಗ್ರಾಮು ನೋಡಿದಳು. ಮೇಷ್ಟ್ರ ಕೈಬರಹದಷ್ಟೇ ಪರಿಚಿತವಾದ ಸಾಲು ಅಲ್ಲಿತ್ತು: ಬಾಗಿಲು ತೆರೆದ ಮೇಲೆ ಒಂದರಿಂದ ಒಂಬತ್ತು ಲಕ್ಷದವರೆಗೆ ಸುಮ್ಮನೆ ಎಣಿಸು, ಆಮೇಲೆ ಮುಚ್ಚು. ಅಷ್ಟೇ. ಏನೂ ಮಾಡದೆ ಎಣಿಸುವುದು. ಹಳೆಯ ಚಿಪ್ ಮಂದಗತಿಯದು, ಅಷ್ಟು ಎಣಿಸಲು ಅದಕ್ಕೆ ಆರು ಸೆಕೆಂಡು ಹಿಡಿಯುತ್ತಿತ್ತು. ಆ ಆರು ಸೆಕೆಂಡಿನಲ್ಲಿ ಜನ ಒಳಗೆ ಬರುತ್ತಿದ್ದರು. ಮೇಷ್ಟ್ರ ಆ ಉಪಾಯವನ್ನು ಎಲ್ಲರೂ ನಕಲು ಮಾಡಿಕೊಂಡಿದ್ದರು. ಒಂಬೈನೂರು ಕಟ್ಟಡಗಳಲ್ಲಿ ಅದೇ ಸಾಲು.

ಎಣಿಸಿದ್ದರಿಂದ ಬಂದ ಅಂಕಿಯನ್ನು ಮುಂದೆ ಯಾರೂ ಬಳಸುವುದಿಲ್ಲ. ಹಾಗಾಗಿ ಅವಳ ಜರಡಿ ಆ ಸಾಲನ್ನು ಕಸಕ್ಕೆ ಹಾಕಿತ್ತು. ಜರಡಿ ತೆಗೆದುಹಾಕಿದರೂ ಉಪಯೋಗವಿಲ್ಲ. ಹೊಸ ಚಿಪ್ ಎಷ್ಟು ಚುರುಕೆಂದರೆ ಒಂಬತ್ತು ಲಕ್ಷ ಅದಕ್ಕೆ ಒಂದು ರೆಪ್ಪೆ ಬಡಿಯುವಷ್ಟು ಕೆಲಸ. ಬಾಗಿಲು ತೆರೆಯುತ್ತದೆ, ತೆರೆದ ಕೂಡಲೇ ಮುಚ್ಚುತ್ತದೆ. ಅಂಚು ಯಾರಿಗಾದರೂ ತಗುಲಿದರೆ ಹಿಂದೆ ಸರಿಯುತ್ತದೆ, ನಿಜ. ಆದರೆ ತಗುಲುವುದು ಮೊದಲು, ಸರಿಯುವುದು ಆಮೇಲೆ. ನಾಲ್ಕು ಕಾಲಿನ ಊರುಗೋಲಿಗೆ ಆ ಮೊದಲಿನದೇ ಸಾಕು.

ಹಾಗಾದರೆ ಆರುನೂರ ಹನ್ನೆರಡು ಹಸಿರು ಎಲ್ಲಿಂದ ಬಂತು? ಅದಕ್ಕೂ ಉತ್ತರ ಅವಳ ಬಳಿಯೇ ಇತ್ತು. ಸಿಮ್ಯುಲೇಟರು ನೋಡುತ್ತಿದ್ದುದು ಯಾವುದು ಮೊದಲು, ಯಾವುದು ಆಮೇಲೆ ಎಂದಷ್ಟೇ. ತೆರೆಯಿತೇ, ಹೌದು. ಮುಚ್ಚಿತೇ, ಹೌದು. ನಡುವೆ ಎಷ್ಟು ಹೊತ್ತು ಎಂದು ಅದು ಕೇಳುತ್ತಿರಲಿಲ್ಲ. ಅವಳು ತನ್ನದೇ ಹಳೆಯ ಫೈಲು ತೆರೆದಳು. ಇಪ್ಪತ್ತೆರಡು ವರ್ಷದ ಹಿಂದೆ ತಾನೇ ಬರೆದಿಟ್ಟ ಒಂದು ಸಾಲಿನ ಟಿಪ್ಪಣಿ ಅಲ್ಲಿತ್ತು. "ಗಡಿಯಾರ: ಆಮೇಲೆ."

ಅದನ್ನು ಬರೆದ ವಾರ ಮೂರು ವರ್ಷದ ಮಗಳಿಗೆ ದಡಾರ ಎದ್ದಿತ್ತು. ಗಂಡ ಟ್ರೈನಿಂಗಿಗೆ ಹೋಗಿದ್ದ. ಕೆಂಡದಂಥ ಮೈಯ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ತಟ್ಟುತ್ತ ಇನ್ನೊಂದು ಕೈಯಲ್ಲಿ ಅವಳು ಆ ಸುಳ್ಳು ಲಿಫ್ಟನ್ನು ಮುಗಿಸಿದ್ದಳು. ಗಡಿಯಾರವೊಂದು ಬಾಕಿ. ಆಮೇಲೆ ಮಗಳ ಸ್ಕೂಲು, ನೀರಿನ ಡಬ್ಬಿ, ಹಲ್ಲಿನ ಡಾಕ್ಟರು, ಮಾವನ ಶ್ವಾಸದ ಕಾಯಿಲೆ, ಮಗಳ ಪರೀಕ್ಷೆ, ಮಗಳ ಮದುವೆ, ಅತ್ತೆಯ ಸೊಂಟ. ಆ ಆಮೇಲೆ ಬರಲೇ ಇಲ್ಲ.

ಬುಧವಾರ ಬೆಳಿಗ್ಗೆ ಅವಳು ಕಂಪನಿಯ ಹಳೆಯ ಮೆಕ್ಯಾನಿಕ್ಕೊಬ್ಬನಿಗೆ ಫೋನು ಮಾಡಿದಳು. ಹದಿನೆಂಟು ವರ್ಷದಿಂದ ಫೋನಿನಲ್ಲಿ ಪರಿಚಯ. ಮುಖ ನೋಡಿದ್ದು ಎರಡೇ ಸಲ. ಅವನು ಅಂದು ಬಿಡಿಭಾಗ ಒಯ್ಯಲು ಫ್ಯಾಕ್ಟರಿಗೆ ಬಂದಿದ್ದ. ಅಲ್ಲಿನ ಪರೀಕ್ಷೆಯ ಲಿಫ್ಟಿಗೆ ಬಾಗಿಲೇ ಇರಲಿಲ್ಲ. ಬಾಗಿಲಿನ ಬದಲು ಒಂದು ಬಲ್ಬು. ಹತ್ತಿದರೆ ತೆರೆದಿದೆ, ಆರಿದರೆ ಮುಚ್ಚಿದೆ.

"ಹೊಸ ಕಂಪೈಲರಲ್ಲಿ ಮಾಡಿದ್ದನ್ನ ಹಾಕಿ, ಆ ಬಲ್ಬ್ ಎಷ್ಟು ಹೊತ್ತು ಉರಿಯುತ್ತೆ ನೋಡಿ ಹೇಳಪ್ಪಾ."

ಸ್ವಲ್ಪ ಹೊತ್ತು ಆಚೆ ಕಡೆ ತಂತಿ ಎಳೆದಾಡುವ ಸದ್ದು. ಆಮೇಲೆ ನಗು.

"ಅಕ್ಕಾ, ಉರಿಯೋದೆಲ್ಲಿ ಬಂತು? ಕಣ್ಣು ಹೊಡೀತು ಅಷ್ಟೇ. ಯಾರಿಗೆ ಹೊಡೀತು ಅಂತ ಹಿಂದೆ ತಿರುಗಿ ನೋಡಿದೆ."

"ಇದನ್ನ ಅಲ್ಲಿನವರು ಯಾರೂ ನೋಡ್ಲಿಲ್ವಾ?"

"ಹತ್ತಿತು, ಆರಿತು, ಟಿಕ್ ಹಾಕಿದ್ರು. ಎಷ್ಟು ಹೊತ್ತು ಅಂತ ಚೀಟೀಲಿ ಕೇಳಿಲ್ವಲ್ಲಕ್ಕಾ." ಅವನ ದನಿ ಇಳಿಯಿತು. "ಇದು ಬಾಗ್ಲಿಗೆ ಬಂದ್ರೆ ಕಷ್ಟ ಅಲ್ವಾ?"

ಫೋನಿಟ್ಟ ಮೇಲೆ ಲಿಫ್ಟಕ್ಕ ಬಟಾಣಿ ಬಿಡಿಸುತ್ತ ಕೂತಳು. ಸರಿಯಾಗಿ ಮಾಡಬೇಕೆಂದರೆ ಭಾಷೆಗೇ ಒಂದು ಹೊಸ ಮಾತು ಸೇರಿಸಬೇಕು. ಸಿಮ್ಯುಲೇಟರಿಗೆ ಗಡಿಯಾರ ಕೂರಿಸಬೇಕು. ಒಂಬೈನೂರು ಕಟ್ಟಡಗಳ ಆ ಒಂದು ಸಾಲನ್ನು ಹುಡುಕಿ ಬದಲಾಯಿಸಬೇಕು. ಎರಡು ತಿಂಗಳ ಕೆಲಸ. ಶುಕ್ರವಾರಕ್ಕೆ ಎರಡು ದಿನ. ಬಾಯಿ ಮುಚ್ಚಿಕೊಂಡಿದ್ದರೆ? ಶುಕ್ರವಾರ ಬಿಡುಗಡೆ ಆಗುತ್ತದೆ, ಏಣಿ ಉಳಿಯುತ್ತದೆ, ಅವಳು ಉಳಿಯುತ್ತಾಳೆ. ಒಂದೊಂದು ಕಟ್ಟಡದಿಂದಲೂ ದೂರು ಬರುತ್ತದೆ. ಆಗ ಮೆಕ್ಯಾನಿಕ್ಕುಗಳು ಶಾಪ ಹಾಕುತ್ತ ಅಲ್ಲಲ್ಲೇ ಸರಿಮಾಡುತ್ತಾರೆ. ದೂರು ಬರುವ ಮೊದಲು ಅಲ್ಲಿ ಏನಾಗಿರುತ್ತದೆ ಎಂಬಲ್ಲಿಗೆ ಬಂದಾಗ ಅವಳ ಬೆರಳು ಬಟಾಣಿಯ ಮೇಲೆ ನಿಂತುಬಿಡುತ್ತಿತ್ತು.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಯಾರಿಗಾದರೂ ಹೇಳಬೇಕಿತ್ತು. ಹಳೆಯ ಚಿಪ್, ಹೊಸ ಚಿಪ್, ಸುಮ್ಮನೆ ಎಣಿಸುವುದು ಎಲ್ಲವನ್ನೂ ಆದಷ್ಟು ಸುಲಭ ಮಾಡಿ ಹೇಳಿದಳು. ಅವನು ಕೆಟ್ಟವನಲ್ಲ. ತಲೆಯಾಡಿಸುತ್ತ ಪೂರ್ತಿ ಕೇಳಿದ.

"ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತಾರಾ ಇವಳೇ? ಏನೂ ಮಾಡದೇ ಇರೋ ಸಾಲು ಹೋಯ್ತು ಅಂತೀಯ. ಹೋಗ್ಲಿ ಬಿಡು." ಆಮೇಲೆ ತಟ್ಟೆ ಅಲ್ಲೇ ಬಿಟ್ಟು ಕೈತೊಳೆಯಲು ಎದ್ದ.

ಲಿಫ್ಟಕ್ಕ ತಟ್ಟೆ ತೆಗೆದಳು, ಮೇಜು ಒರೆಸಿದಳು. ಅಂಥ ಜರಡಿಯೊಂದು ಈ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ಬರೆದವಳು ಮಾತ್ರ ಅವಳಲ್ಲ.

ನಾಲ್ಕು ಗಂಟೆಗೆ ವೀಡಿಯೊ ಮೀಟಿಂಗು. ಪರದೆಯ ಮೇಲೆ ನಾಲ್ಕು ಮುಖ: ಮ್ಯಾನೇಜರ್, ಮೂವರು ಹುಡುಗರು. ಗ್ಯಾಸಿನ ಮೇಲೆ ಅತ್ತೆಗೆಂದು ಹಾಲು ಇಟ್ಟಿದ್ದಳು.

"ಕಂಗ್ರಾಟ್ಸ್ ಮೇಡಂ, ಎಲ್ಲಾ ಹಸಿರು" ಎಂದಳು ಮ್ಯಾನೇಜರ್. "ಶುಕ್ರವಾರಕ್ಕೆ ರೆಡಿ ಅಂತ ಬರೀಲಾ?"

"ಬರೀಬೇಡಮ್ಮಾ" ಎಂದಳು ಲಿಫ್ಟಕ್ಕ. "ಹಸಿರು ಸುಳ್ಳು. ತಪ್ಪು ಸಿಮ್ಯುಲೇಟರಲ್ಲೇ ಇದೆ, ಅದರಲ್ಲಿ ಗಡಿಯಾರ ಇಲ್ಲ. ಇಡದೇ ಬಿಟ್ಟವಳು ನಾನೇ. ಬಾಗಿಲು ತೆರೆದ ತಕ್ಷಣ—"

"ಇವಳೇ!" ಹಿಂದಿನಿಂದ ಗಂಡನ ದನಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಹಾಲು ಉಕ್ತಾ ಇದೆ ನೋಡೇ!"

ಗ್ಯಾಸಿನ ಒಲೆ ಅವನ ಕೈಗೆಟುಕುವಷ್ಟು ದೂರದಲ್ಲಿತ್ತು. ಹಾಲು ಉಕ್ಕುವುದನ್ನು ಅವನು ನೋಡಿದ್ದ. ಅದನ್ನು ಹೇಳಲೆಂದೇ ಬಂದಿದ್ದ. ಲಿಫ್ಟಕ್ಕ ಎದ್ದು ಹೋಗಿ ಗ್ಯಾಸು ಆರಿಸಿ ಬಂದು ಕೂರುವ ಹೊತ್ತಿಗೆ ಮೂವರು ಹುಡುಗರು ನಗು ತಡೆದುಕೊಂಡು ಕೆಳಗೆ ನೋಡುತ್ತಿದ್ದರು. ಮ್ಯಾನೇಜರ್ ಮಾತ್ರ ನಗಲಿಲ್ಲ. ಅವಳ ಕಡೆಯಿಂದ ಮಗುವೊಂದು ಅಳುವ ಸದ್ದು ಒಂದು ಕ್ಷಣ ಕೇಳಿಸಿ, ಅವಳ ಮೈಕು ಬಂದಾಯಿತು, ಮತ್ತೆ ಶುರುವಾಯಿತು.

"ಬಾಗಿಲು ತೆರೆದ ತಕ್ಷಣ ಮುಚ್ಚುತ್ತೆ" ಎಂದು ಲಿಫ್ಟಕ್ಕ ಬಿಟ್ಟಲ್ಲಿಂದ ಮುಂದುವರಿಸಿದಳು. "ನಮ್ಮತ್ತೆ ಒಳಗೆ ಹೋಗೋಕೆ ಐದು ಸೆಕೆಂಡ್ ಬೇಕು."

"ತೆರೆದ ತಕ್ಷಣ ಒಳಗೆ ಹಾರ್ಕೊಂಡ್ರೆ ಆಯ್ತು" ಎಂದ ಒಬ್ಬ ಹುಡುಗ. ಯಾರೂ ನಗದಿದ್ದಾಗ ಅವನೇ ಕೆಮ್ಮಿದ.

"ಎಷ್ಟು ದಿನ ಬೇಕು ಮೇಡಂ?"

"ಎರಡು ತಿಂಗಳು."

ಮ್ಯಾನೇಜರ್ ಕಣ್ಣುಜ್ಜಿಕೊಂಡಳು. "ಶುಕ್ರವಾರ ದಾಟಿದ್ರೆ ಏನಾಗುತ್ತೆ ಅಂತ..."

"ಗೊತ್ತಮ್ಮಾ."

ಬೈಗುಳಕ್ಕೆ, ವಾದಕ್ಕೆ ಅವಳು ಸಿದ್ಧಳಾಗಿ ಕೂತಿದ್ದಳು. ಮಧ್ಯಾಹ್ನವೆಲ್ಲ ಉತ್ತರಗಳನ್ನು ಹೊಂದಿಸಿಕೊಂಡಿದ್ದಳು. ಯಾರೂ ಏನೂ ಕೇಳಲಿಲ್ಲ. "ಸರಿ ಮೇಡಂ, ಮೇಲೆ ತಿಳಿಸ್ತೀನಿ" ಎಂದು ಪರದೆ ಕಪ್ಪಾಯಿತು. ಮೇಷ್ಟ್ರು ಇದ್ದಿದ್ದರೆ, ಆ ಸಾಲು ತಮ್ಮದೇ ಎಂದು ಹಟ ಹಿಡಿದು ಜಗಳಕ್ಕೆ ನಿಲ್ಲುತ್ತಿದ್ದರು. ಅವಳು ಎದ್ದು ಒಲೆಯ ಮೇಲೆ ಚೆಲ್ಲಿ ಸೀದ ಹಾಲನ್ನು ಕೆರೆದು ತೆಗೆದಳು.

ಸೋಮವಾರ ಮೇಲ್ ಬಂತು. ಮುಂದಿನ ವರ್ಷದಿಂದ ಹೊರಗಿನ ಕಂಪನಿಯ ಭಾಷೆ. ಈಗಿರುವ ಒಂಬೈನೂರು ಕಟ್ಟಡಗಳಿಗಾಗಿ ಏಣಿಗೆ ಈ ಒಂದು ಬಿಡುಗಡೆ ಮಾತ್ರ. ಎರಡು ತಿಂಗಳು ಮಂಜೂರಾಗಿತ್ತು.

ಆ ಎರಡು ತಿಂಗಳು ಲಿಫ್ಟಕ್ಕ ಅವಸರ ಮಾಡಲಿಲ್ಲ, ಸೋಮಾರಿತನವನ್ನೂ ಮಾಡಲಿಲ್ಲ. ಸಿಮ್ಯುಲೇಟರಿಗೆ ಗಡಿಯಾರ ಕೂರಿಸಿ ಆ ಹಳೆಯ ಟಿಪ್ಪಣಿಯನ್ನು ಅಳಿಸಿದಳು. ಭಾಷೆಗೆ ಒಂದು ಮಾತು ಸೇರಿಸಿದಳು: ಕಾಯು, ಇಷ್ಟು ಸೆಕೆಂಡು. ಜರಡಿಗೆ ಆ ಮಾತನ್ನು ಮುಟ್ಟಬಾರದೆಂದು ತಾಕೀತು ಮಾಡಿದಳು. ಏಣಿಗೆ ಸೇರಿದ ಕಡೆಯ ಮಾತು ಅದು. ಎಷ್ಟು ಸೆಕೆಂಡು ಎಂಬಲ್ಲಿ ಮೊದಲು ಆರು ಎಂದು ಬರೆದಳು. ಆ ನಡುವೆ ಅತ್ತೆಯ ಎಣಿಕೆ ಕೆಲವು ಸಲ ಆರು ದಾಟಿ ಬಾಗಿಲಿಗೆ ಅವಳೇ ಕೈ ಅಡ್ಡ ಕೊಡಬೇಕಾಗಿತ್ತು. ಆರನ್ನು ಅಳಿಸಿ ಎಂಟು ಮಾಡಿದಳು.

"ಲಿಫ್ಟು ಸೋಮಾರಿ ಆಯ್ತು ಅಂತ ಜನ ನನ್ನ ತಲೆ ತಿಂತಾರೆ ಅಕ್ಕಾ" ಎಂದ ಮೆಕ್ಯಾನಿಕ್ಕು.

"ನನ್ನ ನಂಬರ್ ಕೊಡಪ್ಪಾ ಅವರಿಗೆ. ಯಾರಾದ್ರೂ ಮಾತಾಡ್ಲಿ."

ಮುಗಿದ ದಿನ ಮಧ್ಯಾಹ್ನ ಗಂಡ ಮಲಗಿದ್ದ, ಅತ್ತೆಯೂ ಮಲಗಿದ್ದರು. ಒರೆಸಿದ ಮೇಜು ಇನ್ನೂ ಹಸಿಯಾಗಿತ್ತು. ಅವಳು ಸಿಮ್ಯುಲೇಟರು ಓಡಿಸಿದಳು. ಈ ಸಲ ಫಲಿತಾಂಶದ ಹಸಿರನ್ನು ನೋಡದೆ, ಆ ಗೆರೆಗಳ ಲಿಫ್ಟನ್ನೇ ನೋಡುತ್ತ ಕೂತಳು. ಪುಟ್ಟ ಬಾಗಿಲು ತೆರೆಯಿತು. ಒಂದು, ಎರಡು, ಮೂರು ಎಂದು ಅವಳೂ ಎಣಿಸಿದಳು. ಎಂಟಕ್ಕೆ ಮುಚ್ಚಿತು. ಬಿಡುಗಡೆಯ ಪತ್ರ ಬರೆದು ಎಲ್ಲರಿಗೂ ಕಳಿಸಿದಳು. ಐದು ಗಂಟೆಯವರೆಗೆ ಉತ್ತರ ಬಂದದ್ದು ಒಂದೇ, ಮ್ಯಾನೇಜರಿನದು. "ಥ್ಯಾಂಕ್ಸ್ ಮೇಡಂ. ನಮ್ಮ ಅಮ್ಮನೂ ಊರುಗೋಲು ಹಿಡೀತಾರೆ."

ಮೂರು ವಾರದ ಮೇಲೆ ಮೆಕ್ಯಾನಿಕ್ಕು ಅವಳ ಕಟ್ಟಡಕ್ಕೂ ಬಂದು ಹೊಸ ಚಿಪ್ ಹಾಕಿ ಹೋದ. ಆಗ ಅವಳು ಔಷಧಿ ಅಂಗಡಿಗೆ ಹೋಗಿದ್ದಳು, ಭೇಟಿಯಾಗಲಿಲ್ಲ. ಮಂಗಳವಾರ ಅತ್ತೆ ಲಿಫ್ಟಿನ ಮುಂದೆ ನಿಂತರು. ಬಾಗಿಲು ತೆರೆಯಿತು.

"ಇರಪ್ಪಾ, ಬಂದೆ."

ಅಂದು ಅವರ ಕಾಲು ಚೆನ್ನಾಗಿತ್ತು. ಐದಕ್ಕೇ ಒಳಗಿದ್ದರು. ಗೋಡೆಗೆ ಕೈ ಕೊಟ್ಟು ತಿರುಗಿ, ಆರು ಎಂದರು. ಬಾಗಿಲು ಮುಚ್ಚಲಿಲ್ಲ. ಏಳು. ಎದುರಿಗೆ ಖಾಲಿ ಮೊಗಸಾಲೆ, ನೆಲ ಒರೆಸಿದ ನೀರು, ಅವರದೇ ಮನೆಯ ಮುಚ್ಚಿದ ಬಾಗಿಲು.

"ಏನಿದು, ಹಾಗೇ ನಿಂತಿದೆ? ಇನ್ಯಾರು ಬರ್ಬೇಕಂತೆ?"

"ಯಾರೂ ಇಲ್ಲ ಅತ್ತೆ" ಎಂದಳು ಲಿಫ್ಟಕ್ಕ.

ಇಬ್ಬರೂ ಮೊಗಸಾಲೆಯನ್ನೇ ನೋಡುತ್ತ ನಿಂತರು. ಆಮೇಲೆ ಬಾಗಿಲು ಮುಚ್ಚಿತು.